ಕೆಸರೂರಿನ ಕೊಲೆಗಾರ ಯಾರು ಅಂತ ಕೇಳೋರಿಗೆ

ಮಾನ್ಯ ಸಂಪಾದಕರೇ,

ಕೆಲವು ವಾರದಿಂದ ನಿಮ್ಮ ಪತ್ರಿಕೇಲಿ ತೇಜಸ್ವಿಯವರ 'ಚಿದಂಬರ ರಹಸ್ಯ'ದ ಬಗ್ಗೆ ಓದುಗರ ಪತ್ರಗಳು ಬರ್ತಾ ಇವೆ, ಒಂದನ್ನೂ ಬಿಡದೆ ಓದ್ತಾ ಇದೀನಿ. ಒಬ್ಬರು ಇಂಥ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ ಅಂತಾರೆ, ಇನ್ನೊಬ್ಬರು ಅರ್ಧಕ್ಕೇ ಎತ್ತಿಟ್ಟೆ ಅಂತಾರೆ, ಮತ್ತೊಬ್ಬರಂತೂ ನಗಿಸಿ ನಗಿಸಿ ಕೊನೇಲಿ ಮೋಸ ಮಾಡಿದ್ರು ಅಂತಾನೇ ಬರೆದಿದಾರೆ. 1985ರಲ್ಲಿ ಅಚ್ಚಾದ ಪುಸ್ತಕ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡಿದ್ದು, ಅದರ ಮೇಲೆ ಜನ ಇವತ್ತಿಗೂ ಇಷ್ಟು ಜಗಳ ಆಡ್ತಾರೆ ಅಂದ್ರೆ ನಂಗೆ ನಿಜವಾಗ್ಲೂ ಸಂತೋಷ. ಆದ್ರೆ ಬೈಯೋರೂ ಹೊಗಳೋರೂ ಸೇರಿ ಒಂದು ವಿಷಯ ಕೈಬಿಟ್ಟಿದಾರೆ ಅನ್ನಿಸ್ತು, ಅದಕ್ಕೇ ಬರೀತಿದೀನಿ. ಕಾದಂಬರಿ ಇನ್ನೂ ಓದದೇ ಇರೋರು ಈ ಪತ್ರ ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನ ಓದಿಬಿಡಿ, ಯಾಕಂದ್ರೆ ಕೊನೇ ಭಾಗದ ಮಾತು ಎತ್ತದೆ ಇದನ್ನ ಹೇಳೋಕಾಗಲ್ಲ.

ಬೈಯೋರ ದೂರು ಸಣ್ಣದಲ್ಲ. ಕೆಸರೂರು ಅನ್ನೋ ಮಲೆನಾಡಿನ ಊರು, ಜೋಗಿಹಾಳ್ ಅನ್ನೋ ಏಲಕ್ಕಿ ವಿಜ್ಞಾನಿಯ ಅನುಮಾನದ ಸಾವು, ಏಲಕ್ಕಿ ಫಸಲು ಯಾಕೆ ಬಿದ್ದುಹೋಯ್ತು ಅಂತ ಹುಡುಕ್ಕೊಂಡು ಬರೋ ಇಂಟೆಲಿಜೆನ್ಸ್ ಅಧಿಕಾರಿ ಅಂಗಾಡಿ, ಕೃಷ್ಣೇಗೌಡರ ಮನೆ ಮೇಲೆ ಬೀಳೋ ಕಲ್ಲುಗಳು. ಇಷ್ಟೆಲ್ಲ ಕೈಗೆ ಕೊಟ್ಟ ಮೇಲೆ ಓದೋರು ಉತ್ತರ ಕೇಳೋದು ಸಹಜ. ಅದ್ರಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನ ಬಾಡಿಗೆ ಲೈಬ್ರರಿಯಿಂದ ತಂದು ರಾತ್ರೋರಾತ್ರಿ ಮುಗಿಸಿ ಬೆಳೆದೋರಿಗೆ ಪತ್ತೇದಾರ ಅಂದ್ರೆ ಕೊನೇ ಪುಟದಲ್ಲಿ ಅಪರಾಧೀನ ಹಿಡ್ಕೊಡಲೇಬೇಕು. ಇಲ್ಲಿ ಅಂಥದ್ದಿಲ್ಲ. ಎಲ್ಲರನ್ನೂ ಒಂದು ರೂಮಲ್ಲಿ ಕೂರಿಸಿ ಇವನೇ ಅಂತ ಬೆರಳು ತೋರಿಸೋ ಸೀನ್ ಬರಲ್ಲ, ಬದಲಿಗೆ ಬೆಂಕಿ ಬರುತ್ತೆ. ಮುನ್ನೂರು ಪುಟದ ಹತ್ರ ಓದಿಸಿ ಹಿಂಗೆ ಮಾಡಿದ್ರೆ ಹೆಂಗೆ ಅಂತ ಕೇಳಿದ ಓದುಗರ ಮೇಲೆ ನಂಗೆ ಸ್ವಲ್ಪವೂ ಬೇಜಾರಿಲ್ಲ.

ಆದ್ರೆ ಒಂದು ಯೋಚನೆ ಮಾಡಿ. ಇದೇ ತೇಜಸ್ವಿಯವರ 'ಕರ್ವಾಲೊ' ಇದೆಯಲ್ಲ, ಅದ್ರಲ್ಲೂ ಕಾಡೆಲ್ಲ ಅಲೆದು ಕೊನೆಗೆ ಹಾರುವ ಓತಿ ಕಣ್ಣೆದುರಿಗೇ ಪ್ರಪಾತದ ಕಡೆ ತೇಲಿಹೋಗುತ್ತೆ, ಕೈಗೆ ಸಿಗಲ್ಲ. ಅದನ್ನ ಓದಿ ಯಾರೂ ಮೋಸ ಅಂದಿಲ್ಲ, ಎಲ್ಲರೂ ಆಹಾ ಅಂದಿದಾರೆ. ಯಾಕೆ ಅಂದ್ರೆ ಓತಿ ತಪ್ಪಿಸ್ಕೊಂಡ್ರೆ ನಮ್ಮ ಮನಸ್ಸು ಹಗುರ ಆಗುತ್ತೆ, ಕೊಲೆಗಾರ ತಪ್ಪಿಸ್ಕೊಂಡ್ರೆ ಆಗಲ್ಲ. ನಮಗೆ ಇರೋ ಸಿಟ್ಟು ಉತ್ತರ ಸಿಗಲಿಲ್ಲ ಅನ್ನೋದಕ್ಕಲ್ಲ, ಯಾರ ಮೇಲಾದ್ರೂ ತಪ್ಪು ಹೊರಿಸಿ ಪುಸ್ತಕ ಮುಚ್ಚಿ ನಿದ್ದೆ ಮಾಡೋ ಅವಕಾಶ ತಪ್ಪಿಹೋಯ್ತಲ್ಲ ಅನ್ನೋದಕ್ಕೆ.

ಇನ್ನು ಹೊಗಳೋರ ಕಡೆಗೆ ಬರ್ತೀನಿ, ನಂಗೆ ಹೆಚ್ಚು ತಕರಾರು ಇರೋದು ಇವರ ಹತ್ರ. ಕೆಲವರು ಹೆಸರಲ್ಲೇ ಹೇಳಿದಾರಲ್ಲ, ಚಿದಂಬರದ ದೇವಸ್ಥಾನದಲ್ಲಿ ಪರದೆ ಸರಿಸಿದ್ರೆ ಒಳಗೆ ಏನೂ ಇರಲ್ಲ, ಅಷ್ಟೇ ಕಣ್ರೀ ಅಂತ ಮುಗಿಸಿಬಿಡ್ತಾರೆ. ಅದು ಉತ್ತರ ಅಲ್ಲ, ತಪ್ಪಿಸ್ಕೊಳ್ಳೋದು. ಇನ್ನು ಕೆಲವರು, ಮೇಷ್ಟ್ರುಗಳೇ ಜಾಸ್ತಿ, ಇದು ಪರಿಸರ ಕಾದಂಬರಿ, ಕೋಮುವಾದದ ವಿರುದ್ಧದ ಕಾದಂಬರಿ, ಪತ್ತೇದಾರಿ ಮತ್ತೆ ತಮಾಷೆ ಎಲ್ಲ ಬರೀ ಮೇಲಿನ ಸಿಪ್ಪೆ, ಸುಲಿದು ಬಿಸಾಕಿ ಒಳಗಿರೋ ಸಂದೇಶ ತಗೊಳ್ಳಿ ಅಂತ ಬರೆದಿದಾರೆ. ಇದನ್ನ ನಾನು ಒಪ್ಪಲ್ಲ. ತಮಾಷೆ ತೆಗೆದುಬಿಟ್ರೆ ಈ ಕಾದಂಬರಿ ಕೆಲಸಾನೇ ಮಾಡಲ್ಲ.

ಹೆಂಗೆ ಅಂದ್ರೆ, ಲಂಟಾನ ನೋಡಿ. ಕೆಸರೂರಿನ ಸುತ್ತ ಲಂಟಾನ ಜಿಗ್ಗು ಹಬ್ಬಿಕೊಂಡಿದೆ ಅಂತ ತೇಜಸ್ವಿ ಮುಚ್ಚಿಡದೆ ಹೇಳ್ತಾರೆ. ಓದೋ ನಾವು ಅದನ್ನ ನೋಡಿಯೂ ನೋಡಲ್ಲ, ಯಾಕಂದ್ರೆ ಅಷ್ಟರಲ್ಲಿ ಯಾರೋ ಏನೋ ಎಡವಟ್ಟು ಮಾಡ್ಕೊಂಡಿರ್ತಾರೆ, ನಾವು ನಗ್ತಾ ಇರ್ತೀವಿ, ಇಲ್ಲಾ ಅಂಗಾಡಿಗೆ ಸುಳಿವು ಸಿಕ್ತಾ ಅಂತ ಅವನ ಹಿಂದೆ ಓಡ್ತಾ ಇರ್ತೀವಿ. ಮಲೆನಾಡಲ್ಲಿ ಇರೋರಿಗೆ ಗೊತ್ತು ಲಂಟಾನ ಅಂದ್ರೆ ಏನು ಅಂತ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ತೋಟದ ಚಂದಕ್ಕೆ ಅಂತ ತಂದ ಗಿಡ, ಕಾಡು ಕಡಿದು ಬಯಲು ಮಾಡಿದ ಜಾಗದಲ್ಲೆಲ್ಲ ನುಗ್ಗಿತು, ದನ ತಿನ್ನಲ್ಲ, ಕಡಿದಷ್ಟೂ ಬುಡದಿಂದ ಚಿಗುರುತ್ತೆ, ಬೇಸಿಗೇಲಿ ಒಣಗಿ ನಿಂತಾಗ ಒಂದು ಕಿಡಿ ಬಿದ್ರೆ ಭಗ್ ಅಂತ ಹತ್ತಿಕೊಳ್ಳುತ್ತೆ. ಕೊನೇಲಿ ಊರನ್ನ ಸುತ್ತಿಕೊಳ್ಳೋ ಬೆಂಕಿ ಎಲ್ಲಿಂದಲೋ ಬಂದಿದ್ದಲ್ಲ. ಅಷ್ಟೂ ಪುಟ ನಮ್ಮ ಕಣ್ಣ ಮುಂದೇನೇ ಇತ್ತು, ಕೆಸರೂರಿನ ಜನರ ಹಾಗೆ ನಾವೂ ಬೇರೆ ಕಡೆ ನೋಡ್ತಾ ಇದ್ವಿ. ಪತ್ತೇದಾರಿಯ ನಿಯಮ ಏನು, ಸುಳಿವನ್ನ ಓದುಗರ ಎದುರಿಗೇ ಇಡಬೇಕು ಅಂತ ತಾನೆ. ಇಟ್ಟಿದಾರಲ್ಲ! ನಗು ಮತ್ತೆ ಕುತೂಹಲ ಎರಡೂ ಇಲ್ದೇ ಇದ್ದಿದ್ರೆ ನಾವು ಅದನ್ನ ಎರಡನೇ ಅಧ್ಯಾಯಕ್ಕೇ ಕಂಡುಹಿಡಿದುಬಿಡ್ತಿದ್ವಿ, ಆಗ ಅದು ಕಾದಂಬರಿ ಆಗ್ತಿರಲಿಲ್ಲ, ಅರಣ್ಯ ಇಲಾಖೆಯ ಭಿತ್ತಿಪತ್ರ ಆಗ್ತಿತ್ತು.

ಏಲಕ್ಕಿ ವಿಷಯವೂ ಹಂಗೇ. ನಮ್ಮ ಕಡೆ ಅಜ್ಜನ ಕಾಲದ ಏಲಕ್ಕಿ ಹಿಡುವಳಿ ಈಗ ಮುಕ್ಕಾಲುಪಾಲು ಕಾಫಿ ಆಗಿದೆ. ಏಲಕ್ಕಿ ಯಾಕೆ ಹೋಯ್ತು ಅಂತ ಹಳಬರನ್ನ ಕೇಳಿದ್ರೆ ಮೊದಲು ಕಟ್ಟೆ ರೋಗ ಅಂತಾರೆ. ಅದು ವೈರಸ್ಸು, ಹರಡೋದು ಗಿಡದ ರಸ ಹೀರೋ ಒಂದು ಸಣ್ಣ ಹೇನು, ಏಲಕ್ಕಿಯ ಒಂದು ಹಿಂಡಿಗೆ ಬಂದ್ರೆ ಕಿತ್ತು ಹಾಕೋದು ಬಿಟ್ಟು ಬೇರೆ ಮದ್ದಿಲ್ಲ, ಕೀಳೋಕೆ ಮನಸ್ಸು ಬಾರದೆ ಬಿಟ್ಟೋರ ತೋಟದಿಂದ ಪಕ್ಕದವರ ತೋಟಕ್ಕೆ. ಆಮೇಲೆ ನೆರಳಿನ ಮರ ಕಡಿದಿದ್ದು, ತಂಪು ಹೋಗಿದ್ದು, ಅತ್ಲಾಗೆ ಗ್ವಾಟೆಮಾಲಾದವರು ಅಗ್ಗಕ್ಕೆ ಬೆಳೆದು ಅರಬ್ ದೇಶಗಳ ಮಾರುಕಟ್ಟೆ ಹಿಡಿದಿದ್ದು. ಇದ್ರಲ್ಲಿ ಯಾರಿಗೆ ಕೈಕೋಳ ಹಾಕ್ತೀರಿ? ಅಂಗಾಡಿಯಂಥ ಅಧಿಕಾರಿ ಒಬ್ಬ ಅಪರಾಧಿನ ಹುಡುಕ್ಕೊಂಡು ಬರ್ತಾನೆ, ಅಪರಾಧ ನೋಡಿದ್ರೆ ಊರಿಗೆಲ್ಲ ಹಂಚಿಹೋಗಿದೆ, ಒಬ್ಬೊಬ್ಬರ ಪಾಲೂ ಇಷ್ಟಿಷ್ಟೇ, ಯಾರನ್ನ ಕೇಳಿದ್ರೂ ನಂದೇನಿಲ್ಲ ಅಂತಾರೆ. ಆ ಇಷ್ಟಿಷ್ಟೇ ಪಾಲುಗಳನ್ನ ತೋರಿಸೋಕೇ ಅಷ್ಟೊಂದು ಜನ, ಅಷ್ಟೊಂದು ಉಪಕತೆ ಬೇಕಾಗಿದ್ದು. ಪಾತ್ರ ಜಾಸ್ತಿ ಆಯ್ತು, ಹೆಸರೇ ನೆನಪಿರಲ್ಲ ಅಂತ ಬರೆದಿದ್ದ ಓದುಗರು ಇದನ್ನ ದಯವಿಟ್ಟು ಯೋಚಿಸಲಿ.

ಕ್ರಾಂತಿ ಮಾಡ್ತೀವಿ ಅಂತ ಓಡಾಡೋ ಹುಡುಗರನ್ನ ಗೇಲಿ ಮಾಡಿದಾರೆ ಅಂತ ಒಬ್ಬರು ನೊಂದು ಬರೆದಿದ್ರು. ತೇಜಸ್ವಿ ಹೊರಗೆ ನಿಂತು ಕಲ್ಲು ಎಸೆದೋರಲ್ಲ, 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನದ ಮುನ್ನುಡೀಲಿ ಸಮಾಜವಾದಿ ನಾಯಕ ಲೋಹಿಯಾ ಚಿಂತನೆ ತಮ್ಮ ಮೇಲೆ ಎಷ್ಟು ಪ್ರಭಾವ ಬೀರಿತು ಅಂತ ತಾವೇ ಹೇಳ್ಕೊಂಡಿದಾರೆ, ಸಮಾಜವಾದಿ ಯುವಕರ ಜೊತೆ, ರೈತರ ಜೊತೆ ನಿಂತೋರು. ಆ ಹುಡುಗರ ಮೇಲೆ ಅವರಿಗಿರೋ ಪ್ರೀತಿ ಸಾಲು ಸಾಲಲ್ಲೂ ಕಾಣುತ್ತೆ. ಆದ್ರೆ ಜಯಂತಿ ವಿಷಯದಲ್ಲಿ ಬಂದ ಆಕ್ಷೇಪಕ್ಕೆ ನನ್ನ ಹತ್ರ ಉತ್ತರ ಇಲ್ಲ, ಅದು ಸರಿಯಾಗೇ ಇದೆ. ರಫಿ ಜಯಂತಿ ಪ್ರೀತಿಯಿಂದ ಊರೇ ಎರಡಾಗುತ್ತೆ, ಅಷ್ಟು ದೊಡ್ಡ ವಿಷಯದ ನಡುವೆ ಇರೋ ಆ ಹುಡುಗಿ ಏನು ಯೋಚಿಸ್ತಿದ್ಲು ಅನ್ನೋದು ನಮಗೆ ಸಾಕಷ್ಟು ಸಿಗಲ್ಲ. ಊರಿನ ಗಂಡಸರ ಹರಟೆಗೆ ಸಿಕ್ಕಷ್ಟು ಜಾಗ ಅವಳ ಮನಸ್ಸಿಗೆ ಸಿಕ್ಕಿಲ್ಲ. ನಾನು ಎಷ್ಟೇ ಪ್ರೀತಿಸೋ ಪುಸ್ತಕ ಆದ್ರೂ ಇದು ಕೊರತೇನೇ.

ಸಂಪಾದಕರೇ, ಒಂದು ವಿನಂತಿ. ಇದುವರೆಗೆ ಬಂದ ಪತ್ರಗಳಲ್ಲಿ ಬಹುಪಾಲು ಸಾಹಿತ್ಯ ಓದ್ಕೊಂಡೋರದ್ದು. 1985ರಲ್ಲಿ ಪುಸ್ತಕ ಬಂದಾಗ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಏಲಕ್ಕಿ ಬೆಳೀತಿದ್ದೋರು, ಏಲಕ್ಕಿ ವ್ಯಾಪಾರ ಮಾಡ್ತಿದ್ದ ಬ್ಯಾರಿಗಳು, ತೋಟದಲ್ಲಿ ಹಣ್ಣು ಕೊಯ್ತಿದ್ದ ಹೆಂಗಸರು, ಇವರಲ್ಲಿ ಇದನ್ನ ಓದಿದೋರು ಇಲ್ಲಾ ಓದಿಸಿ ಕೇಳಿದೋರು ಇನ್ನೂ ಇದಾರೆ. ಅವರಿಗೆ ಕಾದಂಬರಿಯ ಸುಲೇಮಾನ್ ಬ್ಯಾರಿ ಹೆಂಗೆ ಕಂಡ, ಕೃಷ್ಣೇಗೌಡ ಹೆಂಗೆ ಕಂಡ, ಕೊನೇ ಬೆಂಕಿ ಓದಿದಾಗ ಏನನ್ನಿಸ್ತು ಅಂತ ಬರೆದು ಕಳಿಸಿ ಅಂತ ನೀವೇ ಒಂದು ಸಾಲು ಹಾಕಿ ಕೇಳಿದ್ರೆ ಖಂಡಿತ ಪತ್ರ ಬರುತ್ತೆ. ಬರೆಯೋಕೆ ಆಗದೋರ ಮಾತನ್ನ ಮನೆಯ ಮಕ್ಕಳು ಮೊಮ್ಮಕ್ಕಳು ಬರೆದು ಕಳಿಸಲಿ. ಅವನ್ನ ಕತ್ತರಿಸದೆ ಪೂರ್ತಿ ಹಾಕಿ.

ಇಂತಿ,
ಒಬ್ಬ ಓದುಗ, ಸಕಲೇಶಪುರ ತಾಲ್ಲೂಕು