ಗಾಲಿಕುರ್ಚಿ ಕೊಟ್ಟಿರಿ, ಕೂರಿಸುವವರು ಯಾರು?

ಮಾನ್ಯ ಸಂಪಾದಕರೇ,

ಡಿಸೆಂಬರ್ 3 ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲಿ ಶಾಮಿಯಾನ ಏಳುತ್ತದೆ. ಅಂಗವಿಕಲರ ದಿನ ಅಲ್ವಾ. ಒಂದಷ್ಟು ಗಾಲಿಕುರ್ಚಿ, ಶ್ರವಣಯಂತ್ರ, ಬಿಳಿ ಕೋಲು ಹಂಚುತ್ತಾರೆ. ಮರುದಿನ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಕೊಟ್ಟದ್ದನ್ನು ನಾನು ಹಗುರ ಮಾಡುತ್ತಿಲ್ಲ. ಕುರ್ಚಿ ಸಿಕ್ಕವನಿಗೆ ಅದರ ಬೆಲೆ ಗೊತ್ತು. ಕುರ್ಚಿ ಮನೆಗೆ ಬಂದ ಮೇಲೇನು ಅನ್ನುವುದು ನನ್ನ ಪ್ರಶ್ನೆ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಗಟ್ಟಿಮುಟ್ಟು ಗಂಡಸನ್ನು ಮಂಚದಿಂದ ಎತ್ತಿ ಅದರಲ್ಲಿ ಕೂರಿಸುವವರು ಯಾರು?

ನಮ್ಮ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಇಂಥವರನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ಕಾರಣ ಇಲ್ಲಿ ಎಲ್ಲರಿಗೂ ಗೊತ್ತು, ಅಡಿಕೆ ಮರ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಆಗಲೇ ಮರ ಪಾಚಿ ಹಿಡಿದು ಜಾರುತ್ತಿರುತ್ತದೆ. ಮರದ ತುದಿಯಲ್ಲಿ ವಾಲಿ ಪಕ್ಕದ ಮರಕ್ಕೆ ದಾಟುವಾಗ ಕೈ ತಪ್ಪಿದರೆ ಕಥೆ ಮುಗಿಯಿತು. ಜೀವ ಉಳಿದರೂ ಬೆನ್ನುಹುರಿಗೆ ಪೆಟ್ಟಾಗಿರುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಅಡಿಕೆ ಗೊನೆ ತೆಗೆಯಬಹುದು. ಒಳ್ಳೆಯದೇ ಆಯಿತು. ಆದರೆ ಈಗಾಗಲೇ ಬಿದ್ದವರು ಇದ್ದಾರಲ್ಲ? ಮರ ಹತ್ತುವವರು ದುಡಿಯುವ ಪ್ರಾಯದವರು. ಸರಿಯಾಗಿ ನೋಡಿಕೊಂಡರೆ ಅವರ ಮುಂದೆ ಇನ್ನೂ ಎಷ್ಟೋ ವರ್ಷದ ಬದುಕಿದೆ. ನೋಡಿಕೊಳ್ಳದಿದ್ದರೆ ಹಾಸಿಗೆ ಹುಣ್ಣೋ ಕಿಡ್ನಿಯ ಸೋಂಕೋ ಕೊಂದು ಹಾಕುತ್ತದೆ.

ನನ್ನ ತಮ್ಮ ಹೀಗೆ ಬಿದ್ದವನು. ಅವನ ಹೆಂಡತಿ ಬೀಡಿ ಕಟ್ಟುತ್ತಾಳೆ. ಮಂಚದ ಪಕ್ಕದಲ್ಲೇ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡಿರುತ್ತಾಳೆ. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಬೇಕು, ರಾತ್ರಿಯೂ. ಅದಕ್ಕೆ ಮೊಬೈಲಿನಲ್ಲಿ ಅಲಾರಂ. ಮಗ್ಗುಲು ತಿರುಗಿಸಿ ಟಾರ್ಚ್ ಹಾಕಿ ಬೆನ್ನಿನ ಬುಡ, ಸೊಂಟದ ಎಲುಬು, ಹಿಮ್ಮಡಿ ಎಲ್ಲ ನೋಡುತ್ತಾಳೆ. ಎಲ್ಲಾದರೂ ಕೆಂಪಾಗಿದೆಯಾ, ಒತ್ತಿದರೆ ಆ ಕೆಂಪು ಹೋಗುತ್ತದೆಯಾ ಅಂತ. ಅವನಿಗೆ ನೋವೇ ಗೊತ್ತಾಗುವುದಿಲ್ಲ. ಬಿಸಿನೀರಿನ ಚೊಂಬು ಕಾಲಿಗೆ ತಾಗಿ ಬೊಬ್ಬೆ ಎದ್ದರೂ ಗೊತ್ತಾಗದು. ಮೂತ್ರದ ಪೈಪ್ ಕಟ್ಟಿಕೊಂಡರೆ ಚಳಿಜ್ವರ. ಪೈಪ್ ಬದಲಿಸಲು ಆಟೊ ಮಾಡಿಕೊಂಡು ಆಸ್ಪತ್ರೆಗೆ ಹೋಗಬೇಕು. ಆಟೊಕ್ಕೆ ಎತ್ತಿ ಹಾಕಲು ಇಬ್ಬರು ಗಂಡಸರು ಬೇಕು. ಅವರಿಬ್ಬರೂ ಅವತ್ತಿನ ಕೂಲಿ ಬಿಟ್ಟು ಬರಬೇಕು. ಇಷ್ಟೆಲ್ಲ ಕೆಲಸಕ್ಕೆ ಅವಳಿಗೆ ಸಿಕ್ಕ ತರಬೇತಿ ಏನು ಗೊತ್ತೇ? ಡಿಸ್ಚಾರ್ಜ್ ದಿನ ವಾರ್ಡಿನ ಬಾಗಿಲಲ್ಲಿ ಒಬ್ಬರು ನರ್ಸ್ ಅವಸರದಲ್ಲಿ ತೋರಿಸಿಕೊಟ್ಟದ್ದು. ಅಷ್ಟೇ. ಆ ಆಸ್ಪತ್ರೆಯ ಹೆಸರು ಬೇಡ ಬಿಡಿ. ಎಲ್ಲ ಕಡೆಯೂ ಹೀಗೇ ಎಂದು ಇಂಥ ಮನೆಯವರು ಹೇಳುತ್ತಾರೆ.

ಅಂದ ಹಾಗೆ ಅವನಿಗೂ ಶಿಬಿರದಲ್ಲಿ ಗಾಲಿಕುರ್ಚಿ ಸಿಕ್ಕಿದೆ. ಬಚ್ಚಲುಮನೆ ಬಾಗಿಲಿಗಿಂತ ಕುರ್ಚಿಯೇ ಅಗಲ. ಅಂಗಳಕ್ಕೆ ಇಳಿಯಲು ಮೂರು ಮೆಟ್ಟಿಲು. ಕೊಡುವ ಮೊದಲು ಯಾರೂ ಮನೆ ನೋಡಿರಲಿಲ್ಲ.

ಇನ್ನು ದುಡ್ಡಿನ ಮಾತು. ರಾಜ್ಯದಲ್ಲಿ ಶೇ 40ರಿಂದ 74ರಷ್ಟು ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ 800 ರೂಪಾಯಿ, ಶೇ 75 ದಾಟಿದರೆ 1,400 ರೂಪಾಯಿ ಮಾಸಾಶನ. ಇದರಲ್ಲಿ ಕೇಂದ್ರದ ಪಾಲು 300 ರೂಪಾಯಿ, ಅದೂ ಶೇ 80ಕ್ಕಿಂತ ಜಾಸ್ತಿ ಇರುವ ಬಡವರಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಓದಿ ನೋಡಿ. ಬೇರೆಯವರಿಗೆ ಕೊಡುವ ಇದೇ ಥರದ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಕಾಲು ಭಾಗ ಜಾಸ್ತಿ ಇರಬೇಕು ಅನ್ನುತ್ತದೆ. ಸಂಧ್ಯಾ ಸುರಕ್ಷಾದಲ್ಲಿ ಹಿರಿಯರಿಗೆ 1,200 ರೂಪಾಯಿ ಇದೆ. ಅದಕ್ಕೆ ಕಾಲು ಭಾಗ ಸೇರಿಸಿದರೆ 1,500 ಆಗುತ್ತದೆ. ಪೂರ್ತಿ ಹಾಸಿಗೆ ಹಿಡಿದವನಿಗೆ ಸಿಗುವುದು ಅದಕ್ಕಿಂತ ನೂರು ಕಡಿಮೆ. 800 ರೂಪಾಯಿಯವರ ಕಥೆ ಕೇಳುವುದೇ ಬೇಡ. ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಅಂತ ಕಾಯ್ದೆಯಲ್ಲೇ ಒಂದು ಕಿಂಡಿ ಇದೆ, ಅದು ನನಗೂ ಗೊತ್ತು.

ನಮ್ಮ ಜಿಲ್ಲೆಯಲ್ಲಿ ಏಜೆನ್ಸಿಗಳ ಮೂಲಕ ಹೋಮ್ ನರ್ಸ್ ಸಿಗುತ್ತಾರೆ. ನಾವು ವಿಚಾರಿಸಿದಾಗ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಬೀಡಿ ಕಟ್ಟುವ ಮನೆಗೆ ಅದು ಆಗುವ ಮಾತಲ್ಲ. ಹಾಗಾಗಿ ಹೆಂಡತಿ, ಇಲ್ಲವೇ ಅಮ್ಮ, ಇಲ್ಲವೇ ಶಾಲೆ ಬಿಟ್ಟ ಮಗಳು. 2024ರ ರಾಜ್ಯ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದಾಗ ಖುಷಿಯಾಗಿತ್ತು. ಮನೆಯಲ್ಲಿ ನೋಡಿಕೊಳ್ಳುವುದೂ ಒಂದು ಕೆಲಸ ಎಂದು ಸರ್ಕಾರ ಒಪ್ಪಿತಲ್ಲ! ಆದರೆ ಘೋಷಣೆಯಲ್ಲಿ ಹೆಸರಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರ, ಸ್ನಾಯುಗಳ ಕಾಯಿಲೆಗಳನ್ನು. ಬೆನ್ನುಹುರಿ ಪೆಟ್ಟಿನ ಹೆಸರು ಅದರಲ್ಲಿ ಇರಲಿಲ್ಲ. ಕಾಯಿಲೆಯ ಹೆಸರು ನೋಡಿ ಭತ್ಯೆ ಕೊಡುವುದು ಯಾಕೆ? ಊಟ, ಸ್ನಾನ, ಶೌಚಕ್ಕೆ ಇನ್ನೊಬ್ಬರ ಕೈ ಬೇಕಾ ಅಂತ ನೋಡಿದರೆ ಸಾಲದೇ?

ಹಾಗೆ ನೋಡುವ ದಾರಿ ಕಾಯ್ದೆಯಲ್ಲೇ ಇದೆ. 38ನೇ ಸೆಕ್ಷನ್ ಪ್ರಕಾರ, ಹೆಚ್ಚಿನ ನೆರವು ಬೇಕಾದ ಅಂಗವಿಕಲರು ಅದಕ್ಕಾಗಿ ಅರ್ಜಿ ಹಾಕಬಹುದು. ಒಂದು ಮಂಡಳಿ ಎಷ್ಟು ನೆರವು, ಎಂಥ ನೆರವು ಬೇಕು ಎಂದು ಅಳೆಯಬೇಕು. ಅದರಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು. ನಾನು ಕಚೇರಿಯಲ್ಲಿ ಈ ಸೆಕ್ಷನ್ ಬಗ್ಗೆ ಕೇಳಿದರೆ, ಕೌಂಟರಿನವರು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇದೆಯಾ ಅಂತ ಕೇಳಿದರು. ಇದೆ ಅಂದೆ. ಹಾಗಾದರೆ ಎಲ್ಲ ಆಗಿದೆಯಲ್ಲ ಅಂದರು.

ಹಳ್ಳಿಯಲ್ಲಿ ಸರ್ಕಾರದ ಕಡೆಯಿಂದ ಅಂಗವಿಕಲರ ಮನೆಬಾಗಿಲಿಗೆ ಬರುವವರು ಯಾರೂ ಇಲ್ಲ ಎಂದರೆ ತಪ್ಪಾಗುತ್ತದೆ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇದ್ದಾರೆ. ಈ ವ್ಯವಸ್ಥೆ ನಮ್ಮ ರಾಜ್ಯದ ಹೆಮ್ಮೆ ಎಂದೇ ನಾನು ಹೇಳುತ್ತೇನೆ. ಈ ಕಾರ್ಯಕರ್ತರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಮಾಸಾಶನ ಆಧಾರ್ ಜೋಡಣೆಯ ತೊಡಕಿನಿಂದ ನಿಂತಿದೆ, ಎಲ್ಲ ಅವರಿಗೆ ಬಾಯಿಪಾಠ. ಆದರೆ ಗೌರವಧನದ ಮೇಲೆ ದುಡಿಯುವ ಅವರನ್ನು ಅರ್ಜಿ ತುಂಬುವುದಕ್ಕೆ, ಪಂಚಾಯಿತಿಯ ಸಮೀಕ್ಷೆಗಳಿಗೆ ಓಡಿಸಿಯೇ ಸುಸ್ತು ಮಾಡಲಾಗುತ್ತಿದೆ. ಪೋಲಿಯೊ ಆದ ಕಾಲಿನ ಕಾರ್ಯಕರ್ತರೊಬ್ಬರು ನನ್ನ ತಮ್ಮನನ್ನು ಎತ್ತಿ ಕೂರಿಸಬೇಕು ಎಂದು ಯಾರೂ ಹೇಳುವುದಿಲ್ಲ. ಯಾರ ಮನೆಗೆ ಎಂಥ ಸಹಾಯ ಬೇಕು ಎಂದು ಅವರು ಹೇಳಲಿ. ಎತ್ತಲು ಬೇರೆ ಕೈಗಳು ಬರಲಿ.

ಕಣ್ಣು, ಕಿವಿಯ ವಿಷಯದಲ್ಲೂ ಇದೇ ಕೊರತೆ. ಸಕ್ಕರೆ ಕಾಯಿಲೆಯಿಂದ ನಡುವಯಸ್ಸಿನಲ್ಲಿ ಕಣ್ಣು ಹೋದವರಿಗೆ ಬಿಳಿ ಕೋಲು ಕೊಡುತ್ತಾರೆ. ಅದನ್ನು ಹಿಡಿದು ತಮ್ಮದೇ ಅಂಗಳದಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ನಡೆಯುವುದು ಹೇಗೆಂದು ಮನೆಗೆ ಬಂದು ಕಲಿಸುವವರಿಲ್ಲ. ಕೋಲು ಮೂಲೆ ಸೇರುತ್ತದೆ.

ನಮ್ಮಲ್ಲಿಂದ ಗಡಿ ದಾಟಿದರೆ ಕಾಸರಗೋಡು. ಅಲ್ಲಿನ ಕನ್ನಡದವರು ನಮ್ಮ ನೆಂಟರೇ. ಕೇರಳ 2008ರಲ್ಲಿ ಪಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೀತಿ ತಂದಿತು. ಅದನ್ನು ಆಸ್ಪತ್ರೆಗೆ ಬಿಡದೆ ಪಂಚಾಯಿತಿಗಳ ಕೈಗೆ ಕೊಟ್ಟಿತು. ತರಬೇತಾದ ನರ್ಸ್, ಆಶಾ ಕಾರ್ಯಕರ್ತೆ, ಊರಿನ ಸ್ವಯಂಸೇವಕರು ಜೀಪಿನಲ್ಲಿ ಮನೆಮನೆಗೆ ಹೋಗುತ್ತಾರೆ. ಕ್ಯಾನ್ಸರ್‌ನವರಿಗೆ ಮಾತ್ರವಲ್ಲ, ಬೆನ್ನುಹುರಿ ಪೆಟ್ಟಾಗಿ ಮಲಗಿದವರಿಗೂ. ಮೂತ್ರದ ಪೈಪ್ ಬದಲಿಸುತ್ತಾರೆ, ಹುಣ್ಣು ತೊಳೆದು ಕಟ್ಟುತ್ತಾರೆ, ಮನೆಯವರಿಗೆ ಕಲಿಸುತ್ತಾರೆ. ಅಲ್ಲಿಯೂ ದಿನದ ಸ್ನಾನ, ಶೌಚಕ್ಕೆ ಮನೆಯವರೇ ಬೇಕು. ಆದರೆ ಪೈಪ್ ಬದಲಿಸಲು ಆಟೊ ಹುಡುಕುವ ಪಾಡು ತಪ್ಪಿದೆ. ನಮಗೆ ಅಷ್ಟಾದರೂ ಆಗಲಿ.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಪಂಚಾಯಿತಿಗಳು ಸ್ವಂತ ವರಮಾನದ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು ಎಂಬ ಆದೇಶ ಇದೆ. ಹೆಚ್ಚಾಗಿ ಅದು ವರ್ಷದ ಕೊನೆಗೆ ವಾಟರ್ ಬೆಡ್, ಕಮೋಡ್ ಕುರ್ಚಿ, ಒಂದಷ್ಟು ವೈದ್ಯಕೀಯ ನೆರವು ಎಂದು ಹಂಚಿ ಹೋಗುತ್ತದೆ. ಸುಮ್ನೆ ಲೆಕ್ಕ ಹಾಕಿ. ಹತ್ತು ಲಕ್ಷ ವರಮಾನದ ಪಂಚಾಯಿತಿಗೆ ಈ ಪಾಲು ಐವತ್ತು ಸಾವಿರ. ಅದರಲ್ಲಿ ಒಬ್ಬ ಸಹಾಯಕನಿಗೆ ವರ್ಷದ ಸಂಬಳ ಕೊಡಲಾಗುವುದಿಲ್ಲ. ಆದರೆ ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿಗಳು ಸೇರಿ ಹಣ ಒಟ್ಟುಮಾಡಿ, ಅಷ್ಟೇ ಮೊತ್ತವನ್ನು ರಾಜ್ಯ ಸರ್ಕಾರವೂ ಹಾಕಿದರೆ ಇಬ್ಬರು ಸಹಾಯಕರನ್ನು ನೇಮಿಸಬಹುದು. ನಮ್ಮ ಜಿಲ್ಲೆಯಲ್ಲಿ ಸಂಜೀವಿನಿ ಎಂಬ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ತರಬೇತಿ ಪಡೆದು ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಿದ್ದಾರೆ. ಅದು ಆಗುವುದಾದರೆ ಆರೈಕೆಯ ತರಬೇತಿ ಯಾಕೆ ಆಗಬಾರದು? ಗಂಡಸರನ್ನೂ ಸೇರಿಸಬೇಕು, ಅದನ್ನು ಒತ್ತಿ ಹೇಳುತ್ತೇನೆ. ಎತ್ತುವ ಕೆಲಸ ಭಾರದ ಕೆಲಸ. ಮೇಲಾಗಿ ಬೇರೆ ಹೆಂಗಸಿನ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ನಮ್ಮ ಗಂಡಸರು ಒಪ್ಪುವುದಿಲ್ಲ, ಮಲಗಿದಲ್ಲೇ ಆದರೂ ಮಾನ ಮಾನವೇ. ವಾರಕ್ಕೆ ಎರಡು ಸಲ ಇಬ್ಬರು ಬಂದು ಸ್ನಾನ ಮಾಡಿಸಿ, ಮೈ ನೋಡಿ, ಕುರ್ಚಿಯಲ್ಲಿ ಕೂರಿಸಿ ಹೋದರೂ ಆ ಹೊತ್ತಿನಲ್ಲಿ ತಮ್ಮನ ಹೆಂಡತಿ ಬೀಡಿ ಡಿಪೊಗೆ ಹೋಗಿ ಬರಬಹುದು. ಇಲ್ಲವೇ ಸುಮ್ಮನೆ ನಿದ್ದೆ ಮಾಡಬಹುದು.

ಇದನ್ನೆಲ್ಲ ಕೇಳಲು ಅಂಗವಿಕಲರ ಸಮನ್ವಯ ಗ್ರಾಮಸಭೆ ಎಂಬುದೊಂದಿದೆ. ನಾನು ಹೋಗಿದ್ದೆ. ಸಭೆ ಇದ್ದದ್ದು ಮೊದಲ ಮಹಡಿಯಲ್ಲಿ. ಲಿಫ್ಟೂ ಇಲ್ಲ, ರ್‍ಯಾಂಪೂ ಇಲ್ಲ. ಹಾಸಿಗೆ ಹಿಡಿದವರ ಪರವಾಗಿ ಬಂದವರು ತಮ್ಮ ಸರದಿ ಬರುವ ಮೊದಲೇ ಮಗ್ಗುಲು ಬದಲಿಸುವ ಹೊತ್ತಾಯಿತೆಂದು ಎದ್ದು ಹೋದರು. ಮುಂದಿನ ಸಭೆಯನ್ನು ಕೆಳಗಡೆ ಇಡಿ. ಅಜೆಂಡಾದಲ್ಲಿ ಮೊದಲ ವಿಷಯವಾಗಿ ಮನೆ ಆರೈಕೆಯನ್ನು ಹಾಕಿ. ಶೇ 5ರ ಹಣ ಕಳೆದ ವರ್ಷ ಯಾವುದಕ್ಕೆ ಖರ್ಚಾಯಿತು ಎಂಬ ಪಟ್ಟಿಯನ್ನೂ ಓದಿ ಹೇಳಿ.

ಇತಿ,
ಓದುಗ, ಪುತ್ತೂರು ತಾಲ್ಲೂಕು