ಫ್ರಿಜ್ ಮಲಗಿಸಬೇಡಿ, ವಾಷಿಂಗ್ ಮಷಿನ್ ಬೋಲ್ಟ್ ಎಸೆಯಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳ ಸೂಟಿ ಮುಗಿಯುವುದರೊಳಗೆ, ಆಷಾಢ ಹಿಡಿಯುವುದರೊಳಗೆ ಹೊಸ ಮನೆ ಸೇರಿಬಿಡಬೇಕೆಂದು ಹುಬ್ಬಳ್ಳಿ-ಧಾರವಾಡದಲ್ಲಿ ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಭಾಂಡೆ ಸಾಮಾನು ಹೇಗೋ ಮುಟ್ಟುತ್ತದೆ. ಕೆಡುವುದು ಫ್ರಿಜ್ಜು, ವಾಷಿಂಗ್ ಮಷಿನ್ನು. ರಿಪೇರಿ ಕೆಲಸದವರಾದ ನಮಗೆ ಆಗ ಬರುವ ಬಹಳಷ್ಟು ಕರೆಗಳಿಗೆ ಕಾರಣ ಎರಡೇ: ಫ್ರಿಜ್ ಮಲಗಿಸಿ ಒಯ್ದದ್ದು, ವಾಷಿಂಗ್ ಮಷಿನ್ನಿನ ಡ್ರಮ್ ಬಿಗಿಯದೆ ಒಯ್ದದ್ದು.

ಫ್ರಿಜ್ಜಿನ ಹಿಂದೆ ಕೆಳಗಡೆ ಕಪ್ಪಗೆ, ಗುಂಡಗೆ ಇರುವುದೇ ಕಂಪ್ರೆಸರ್, ಥಂಡಿ ಮಾಡುವ ಗ್ಯಾಸನ್ನು ಒತ್ತಿ ಹರಿಸುವ ಯಂತ್ರ. ಅದರೊಳಗೆ ಮೋಟರ್ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ, ತಳದಲ್ಲಿ ಸುಮಾರು ಒಂದು ಲೋಟ ಎಣ್ಣೆ ಇರುತ್ತದೆ. ಫ್ರಿಜ್ ಮಲಗಿಸಿದರೆ ಆ ಎಣ್ಣೆ ಪೈಪುಗಳಿಗೆ ಹರಿಯುತ್ತದೆ. ಗ್ಯಾಸ್ ಹಾಯುವ ಕ್ಯಾಪಿಲರಿ ನಳಿಗೆಯ ಒಳತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಅಲ್ಲಿ ಎಣ್ಣೆ ಸಿಕ್ಕಿಕೊಂಡರೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಒಳಗೆ ಥಂಡಿ ಮಾತ್ರ ಆಗುವುದಿಲ್ಲ. ಎಣ್ಣೆ ಸಿಲಿಂಡರಿಗೇ ನುಗ್ಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ವಾಲ್ವ್ ಮುರಿಯುತ್ತದೆ. ದಾರಿಯ ಜಗ್ಗಾಟಕ್ಕೆ ಸ್ಪ್ರಿಂಗ್ ಕಳಚಿದರೆ ಶುರುವಾಗುವಾಗ, ನಿಲ್ಲುವಾಗ ಕಟಕಟ ಸದ್ದು. ಇದರಲ್ಲಿ ಯಾವುದಾದರೂ ಕಂಪ್ರೆಸರ್ ಬದಲಿಸುವವರೆಗೆ ಮುಟ್ಟಬಹುದು.

ಆದ್ದರಿಂದ ಫ್ರಿಜ್ ನಿಂತೇ ಹೋಗಬೇಕು. ಮೆಟ್ಟಿಲು ಇಳಿಸುವಾಗ ವಾಲಿಸಬಹುದು, ಆದರೆ 45 ಡಿಗ್ರಿ ದಾಟಬಾರದು. ಕಂಪ್ರೆಸರ್ ಭಾರ ಕೆಳಗೆ ಇರುವುದರಿಂದ ಗಟ್ಟಿ ಆಳು ಕೆಳಗಿನ ಮೆಟ್ಟಿಲಲ್ಲಿರಬೇಕು. ಹ್ಯಾಂಡಲ್ ಹಿಡಿದು ಎತ್ತಿದರೆ ಬಾಗಿಲಿನ ಬಿಜಾಗ್ರಿ ಸೊಟ್ಟಾಗುತ್ತದೆ, ಆಮೇಲೆ ರಬ್ಬರ್ ಗ್ಯಾಸ್ಕೆಟ್ ಕೂರುವುದೇ ಇಲ್ಲ.

ಹೊರಡುವ ಹಿಂದಿನ ದಿನವೇ ಸ್ವಿಚ್ ತೆಗೆದು ಬಾಗಿಲು ತೆರೆದಿಡಿ, ಬರ್ಫ ತಾನಾಗಿ ಕರಗಲಿ. ಚಾಕುವಿನಿಂದ ಕೆರೆಯುವವರು ಇನ್ನೂ ಇದ್ದಾರೆ. ಫ್ರೀಜರಿನ ಅಲ್ಯುಮಿನಿಯಂ ಹಾಳೆಗೆ ಗುಂಡುಸೂಜಿ ಮೊನೆಯಷ್ಟು ತೂತು ಬಿದ್ದರೂ ಗ್ಯಾಸ್ ಪೂರ್ತಿ ಹೋಗುತ್ತದೆ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವ ಆರ್-600ಎ ಗ್ಯಾಸ್ ಬೆಂಕಿ ಹತ್ತುವಂಥದ್ದು ಎನ್ನುವುದೂ ನೆನಪಿರಲಿ. ಕಂಪ್ರೆಸರ್ ಮೇಲಿನ ಸಣ್ಣ ಪ್ಲಾಸ್ಟಿಕ್ ಟ್ರೇದಲ್ಲಿ ನೀರು ನಿಂತಿರುತ್ತದೆ, ಅದನ್ನು ಚೆಲ್ಲಿ. ಗಾಜಿನ ಹಲಗೆ, ಕಾಯಿಪಲ್ಯೆ ಡಬ್ಬಿ ಹೊರತೆಗೆದು ಹಾಸಿಗೆಯ ನಡುವೆ ಇಡಿ. ಮೈಗೆ ಹಳೆಯ ಕೌದಿ ಸುತ್ತಿ, ಕೌದಿಯ ಮೇಲೆ ಹಗ್ಗ ಬಿಗಿಯಿರಿ. ಇದಕ್ಕೆ ಕೌದಿಯಷ್ಟು ಒಳ್ಳೆಯದು ಬೇರೆ ಇಲ್ಲ: ದಪ್ಪ ಇರುತ್ತದೆ, ಜಾರುವುದಿಲ್ಲ, ಪೇಂಟ್ ಕೆರೆಯುವುದಿಲ್ಲ.

ಗಾಡಿಯವರು ಫ್ರಿಜ್ ಮಲಗಿಸುವುದು ಹಟಕ್ಕಲ್ಲ. ಟಾಟಾ ಏಸ್‌ನಲ್ಲಿ ಐದೂವರೆ ಅಡಿಯ ಫ್ರಿಜ್ ನಿಲ್ಲಿಸಿದರೆ ಅದು ಕ್ಯಾಬಿನ್ ದಾಟಿ ಮೇಲೇಳುತ್ತದೆ, ನಮ್ಮ ಓಣಿಗಳಲ್ಲಿ ಜೋತುಬಿದ್ದ ಕೇಬಲ್ ವಾಯರ್‌ಗೆ ತಾಗುತ್ತದೆ ಎನ್ನುವ ಹೆದರಿಕೆ ಅವರಿಗೆ. ಅದಕ್ಕೆ ದಾರಿ ಇದೆ. ಫ್ರಿಜ್ಜನ್ನು ಮೊದಲು ಹತ್ತಿಸಿ ಕ್ಯಾಬಿನ್ನಿಗೆ ಆನಿಸಿ ನಿಲ್ಲಿಸಿ, ಮೊಣಕಾಲೆತ್ತರಕ್ಕೊಂದು, ಎದೆಯೆತ್ತರಕ್ಕೊಂದು ಹೀಗೆ ಎರಡು ಕಡೆ ಕಟ್ಟಿ, ಓಣಿ ದಾಟುವವರೆಗೆ ಒಬ್ಬರು ಮುಂದೆ ನಡೆಯಲಿ. ಮಲಗಿಸದೆ ಗತಿಯೇ ಇಲ್ಲವೆಂದರೆ ಬೆನ್ನಿನ ಮೇಲಂತೂ ಬೇಡ. ಕಂಪ್ರೆಸರಿನಿಂದ ಹೊರಡುವ ತೆಳು ಡಿಸ್ಚಾರ್ಜ್ ಪೈಪ್ ಮೇಲಕ್ಕೆ ಬರುವ ಹಾಗೆ ಮಗ್ಗುಲಿಗೆ ಮಲಗಿಸಿ, ಮುಟ್ಟಿದ ಕೂಡಲೇ ನಿಲ್ಲಿಸಿ.

ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತಾರೆ, ಉಳಿದ ಹಾಲು ಕೆಡಬಾರದೆಂದು ಕೂಡಲೇ ಫ್ರಿಜ್ ಹಚ್ಚುತ್ತಾರೆ. ಫ್ರಿಜ್ ಕೆಡುವುದು ಹೆಚ್ಚಾಗಿ ಇದೇ ಗಳಿಗೆಯಲ್ಲಿ. ನಿಲ್ಲಿಸಿ ತಂದದ್ದಾದರೆ ಮೂರು-ನಾಲ್ಕು ತಾಸು, ಮಲಗಿಸಿ ತಂದದ್ದಾದರೆ ಪೂರ್ತಿ 24 ತಾಸು ಸುಮ್ಮನೆ ನಿಲ್ಲಬೇಕು. ಎಣ್ಣೆ ಮಂದ ಇರುತ್ತದೆ, ತಳಕ್ಕೆ ಇಳಿಯಲು ಸಮಯ ಬೇಕು.

ವಾಷಿಂಗ್ ಮಷಿನ್ ವಿಷಯದಲ್ಲಿ ತಪ್ಪು ಮನೆಯವರದಷ್ಟೇ ಅಲ್ಲ. ಹೊಸ ಫ್ರಂಟ್ ಲೋಡ್ ಮಷಿನ್ ಬಂದಾಗ ಹಿಂಬದಿಯಲ್ಲಿ ಮೂರು ಅಥವಾ ನಾಲ್ಕು ಉದ್ದನೆಯ ಬೋಲ್ಟ್‌ಗಳು, ಅವುಗಳ ಸುತ್ತ ಪ್ಲಾಸ್ಟಿಕ್ ಕೊಳವೆ ಇರುತ್ತವೆ. ಇವು ಟ್ರಾನ್ಸಿಟ್ ಬೋಲ್ಟ್. ಸ್ಪ್ರಿಂಗಿಗೆ ತೂಗುಬಿದ್ದ ಡ್ರಮ್ಮನ್ನು ಸಾಗಾಟದಲ್ಲಿ ಅಲ್ಲಾಡದಂತೆ ಹಿಡಿಯುವುದಷ್ಟೇ ಅವುಗಳ ಕೆಲಸ. ಫಿಟ್ ಮಾಡಲು ಬಂದವರು ಬೋಲ್ಟ್ ಬಿಚ್ಚಿ ರದ್ದಿಯ ಜೊತೆ ಬಿಡುತ್ತಾರೆ, ಇಲ್ಲವೇ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಎರಡು-ಮೂರು ವರ್ಷದ ನಂತರ ಮನೆ ಬದಲಿಸುವಾಗ ಆ ಬೋಲ್ಟ್ ಯಾರ ಬಳಿಯೂ ಇರುವುದಿಲ್ಲ. ಡ್ರಮ್ಮಿಗೆ ಸಿಮೆಂಟಿನ ತೂಕದ ಗಟ್ಟಿಗಳನ್ನು ಕೂರಿಸಿರುತ್ತಾರೆ. ಮಷಿನ್ 60-70 ಕಿಲೋ ತೂಗುವುದು ಅದಕ್ಕೇ. ಅಷ್ಟು ಭಾರ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಸುಮಾರು 20 ಕಿಲೋಮೀಟರ್ ಒಳಗೊಳಗೇ ಬಡಿದುಕೊಂಡರೆ ಸಿಮೆಂಟ್ ಗಟ್ಟಿ ಸೀಳುತ್ತದೆ, ಶಾಕ್ ಅಬ್ಸಾರ್ಬರ್ ಕಿತ್ತುಬರುತ್ತದೆ. ಮೊದಲ ಸ್ಪಿನ್ನಿಗೇ ಮಷಿನ್ ನೆಲದ ಮೇಲೆ ನಡೆಯತೊಡಗುತ್ತದೆ.

ಬೋಲ್ಟ್ ಇದ್ದರೆ ಕೆಲಸ ಹತ್ತು ನಿಮಿಷದ್ದು. ನಲ್ಲಿ ಬಂದ್ ಮಾಡಿ ಇನ್‌ಲೆಟ್ ಪೈಪ್ ಬಿಚ್ಚಿ, ಒಳಗಿನ ರಬ್ಬರ್ ವಾಷರ್ ಕಳೆಯದಂತೆ ನೋಡಿಕೊಳ್ಳಿ. ಮುಂದೆ ಕೆಳಗಿನ ಸಣ್ಣ ಮುಚ್ಚಳ ತೆರೆದು ಫಿಲ್ಟರ್ ತಿರುಗಿಸಿದರೆ ಒಂದೆರಡು ಲೀಟರ್ ನೀರು ಬರುತ್ತದೆ, ತಟ್ಟೆ ಹಿಡಿಯಿರಿ. ಹಿಂಬದಿಯ ಪ್ಲಾಸ್ಟಿಕ್ ಬಿರಡೆ ತೆಗೆದು ಬೋಲ್ಟ್ ತೂರಿಸಿ, ಡ್ರಮ್ಮನ್ನು ಒಳಗಿನಿಂದ ಸ್ವಲ್ಪ ಎತ್ತಿ ಅಲ್ಲಾಡಿಸಿದರೆ ಬೋಲ್ಟಿನ ತಿರುಪು ಹಿಡಿಯುತ್ತದೆ. ಹೆಚ್ಚಾಗಿ 10 ಅಥವಾ 13 ಎಂಎಂ ಪಾನಾ ಸಾಕು. ಬೋಲ್ಟ್ ಇಲ್ಲದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಡೆಲ್ ನಂಬರ್ ಹೇಳಿ ತರಿಸಿ. ಅಷ್ಟು ಸಮಯವಿಲ್ಲದಿದ್ದರೆ ಹಿಂದಿನ ಎರಡು ಸ್ಕ್ರೂ ತೆಗೆದು ಮೇಲಿನ ಮುಚ್ಚಳ ಸರಿಸಿ, ಡ್ರಮ್ ಮತ್ತು ಬಾಡಿಯ ನಡುವೆ ನಾಲ್ಕೂ ಕಡೆ ದಪ್ಪ ಫೋಮ್ ಒತ್ತಿ ತುಂಬಿ. ಪ್ಲಗ್ ಮೊದಲೇ ತೆಗೆದಿರಲಿ. ಟಾಪ್ ಲೋಡಿಗೂ ಹೀಗೆಯೇ, ಟಬ್ಬಿನ ಸುತ್ತ ಹಾಸಿಗೆ ಬಟ್ಟೆ ತುರುಕಿದರಾಯಿತು. ಹೊಸ ಮನೆಯಲ್ಲಿ ಹಾಕಿದ್ದೆಲ್ಲ ಎಣಿಸಿ ತೆಗೆಯಿರಿ. ಬೋಲ್ಟ್ ಇರುವಾಗಲೇ ಮಷಿನ್ ಓಡಿಸಿದರೆ ಬಾಡಿ, ಬೇರಿಂಗ್ ಎರಡಕ್ಕೂ ಪೆಟ್ಟು.

ಹೊಸ ಮನೆಯಲ್ಲಿ ಕಾಣುವ ಎರಡು ತೊಂದರೆಗಳನ್ನು ಜನ ಸಾಗಾಟದ ಹಾನಿ ಎಂದು ತಿಳಿಯುತ್ತಾರೆ. ಒಂದು, ಮೇಲಿನ ಮಹಡಿಗೆ ಹೋದವರಿಗೆ ‘ನೀರು ಬರುತ್ತಿಲ್ಲ’ ಎಂಬ ಎರರ್. ಟಾಕಿ ಮಷಿನ್ನಿಗಿಂತ ಹತ್ತಡಿಯಾದರೂ ಎತ್ತರ ಇಲ್ಲದಿದ್ದರೆ ಒತ್ತಡ ಸಾಲುವುದಿಲ್ಲ, ಸಣ್ಣ ಪ್ರೆಷರ್ ಪಂಪ್ ಬೇಕಾಗುತ್ತದೆ. ಇನ್ನೊಂದು, ತುಂಬಿದ ನೀರು ತುಂಬಿದ ಹಾಗೇ ಹೊರಗೆ ಹೋಗುವುದು. ಡ್ರೇನ್ ಪೈಪನ್ನು ಬಚ್ಚಲಿನ ನೆಲದ ಮೇಲೆ ಬಿಟ್ಟಿರುತ್ತಾರೆ. ಅದು ನೆಲದಿಂದ ಎರಡರಿಂದ ಮೂರಡಿ ಎತ್ತರಕ್ಕೆ ಏರಿ ಆಮೇಲೆ ಇಳಿಯಬೇಕು. ಜೊತೆಗೆ, ಬಿಸಿನೀರಿನ ಹೀಟರ್ ಇರುವ ಮಷಿನ್ 2,000 ವ್ಯಾಟ್‌ವರೆಗೆ ಎಳೆಯುತ್ತದೆ, ಅಂದರೆ ಸುಮಾರು 9 ಆಂಪಿಯರ್. 6 ಆಂಪಿಯರ್ ಸಾಕೆಟ್ಟಿಗೆ ಅಥವಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿದರೆ ಪಿನ್ ಕರಗುತ್ತದೆ. 16 ಆಂಪಿಯರ್ ಪಾಯಿಂಟ್, ಅರ್ಥಿಂಗ್ ಎರಡೂ ಇವೆಯೇ ಎಂದು ಮನೆ ನೋಡುವಾಗಲೇ ಕೇಳಿ.

ಏಸಿಯನ್ನು ಮೆಕ್ಯಾನಿಕ್ ಬಿಟ್ಟು ಬೇರೆಯವರು ಬಿಚ್ಚಬಾರದು. ಅವರು ಗ್ಯಾಸನ್ನು ಹೊರಗಿನ ಯೂನಿಟ್ಟಿನಲ್ಲಿ ಲಾಕ್ ಮಾಡುತ್ತಾರೆ: ಕೂಲ್ ಮೋಡ್‌ನಲ್ಲಿ ಓಡಿಸುತ್ತ ತೆಳು ಪೈಪಿನ ವಾಲ್ವ್ ಮೊದಲು ಬಂದ್, ಗ್ಯಾಸ್ ಎಳೆದುಕೊಂಡ ಮೇಲೆ ದಪ್ಪ ಪೈಪಿನದು ಬಂದ್, ಕೂಡಲೇ ಸ್ವಿಚ್ ಆಫ್. ತಡ ಮಾಡಿದರೆ ಎಲ್ಲಾದರೂ ಸಡಿಲವಿದ್ದಲ್ಲಿಂದ ಗಾಳಿ ಒಳಗೆಳೆದು ಕಂಪ್ರೆಸರ್ ಸಿಡಿಯುವ ಅಪಾಯವಿದೆ. ಮರಳಿ ಕೂರಿಸುವಾಗ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ತೆಗೆಯಲೇಬೇಕು. ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕುತ್ತೇವೆ’ ಎನ್ನುವವರನ್ನು ಒಪ್ಪಬೇಡಿ. ಏಸಿಗಳಲ್ಲಿ ಬಳಸುವ ಆರ್-32 ಗ್ಯಾಸ್ ಕೂಡ ಉರಿಯುವಂಥದ್ದು. ಪಂಪ್ ಇದೆಯೇ ಎಂದು ಕರೆಯುವ ಮೊದಲೇ ಕೇಳಿ.

ಗೀಸರಿನ ಟಾಕಿ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವವರೆಗೆ ಸ್ವಿಚ್ ಹಾಕಬೇಡಿ, ಖಾಲಿ ಟಾಕಿಯಲ್ಲಿ ಕಾಯಿಲ್ ಸುಡುತ್ತದೆ. ದೊಡ್ಡ ಟಿವಿಯನ್ನು ನಿಲ್ಲಿಸಿಯೇ ಒಯ್ಯಿರಿ. ಇನ್ವರ್ಟರ್ ಬ್ಯಾಟರಿಯಲ್ಲಿ ಆಸಿಡ್ ಇರುತ್ತದೆ: ಇನ್ವರ್ಟರ್ ಬಂದ್ ಮಾಡಿ ಮೊದಲು ಕಪ್ಪು ವಾಯರ್, ಆಮೇಲೆ ಕೆಂಪು ವಾಯರ್ ಬಿಚ್ಚಿ, ವಾಲಿಸದೆ ಇಬ್ಬರು ಎತ್ತಿರಿ. ಧಾರವಾಡದ ಜಿಟಿಜಿಟಿ ಮಳೆಗೆ ತಾಡಪತ್ರಿ ಮರೆಯಬೇಡಿ, ಕಂಟ್ರೋಲ್ ಬೋರ್ಡಿಗೆ ನೀರು ತಾಗಿದರೆ ಅದು ಉಳಿಯುವುದು ಕಷ್ಟ.

ಹಮಾಲರ ಜೊತೆ ಬಾಡಿಗೆ ಮಾತಾಡುವಾಗಲೇ ಫ್ರಿಜ್ ನಿಲ್ಲಿಸಿ ಒಯ್ಯಬೇಕೆಂದು ಹೇಳಿ, ಅದಕ್ಕೆ ಬೇಕಾದ ಹೆಚ್ಚಿನ ಆಳಿನ ಕೂಲಿ ಕೊಡಿ. ಅವಳಿ ನಗರದ ಅಂಗಡಿಯವರಲ್ಲಿ, ಫಿಟಿಂಗ್ ಮಾಡುವವರಲ್ಲಿ ನಮ್ಮ ವಿನಂತಿ ಒಂದೇ: ಬಿಚ್ಚಿದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಗ್ರಾಹಕರ ಎದುರೇ ಎಣಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ‘ಮನೆ ಬದಲಿಸುವಾಗ ಬೇಕು’ ಎಂದು ಚೀಟಿ ಹಚ್ಚಿ ಅವರ ಕೈಗೆ ಕೊಡಿ.

ಇಂತಿ,
ಫ್ರಿಜ್, ವಾಷಿಂಗ್ ಮಷಿನ್ ರಿಪೇರಿ ಕೆಲಸದವರು
ಹುಬ್ಬಳ್ಳಿ