ಗಾಣದ ಎತ್ತಿಗೂ ಶನಿವಾರ ರಜೆ

ಪ್ರಿಯ ಓದುಗರೇ,

ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಬದುಕುತ್ತಿದ್ದ ಒಂದು ಸಮುದಾಯವಿತ್ತು. ಅಕ್ಕಪಕ್ಕದ ಮರಾಠಿ ಜನ ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಶನಿವಾರ ಎಣ್ಣೆ ತೆಗೆಯದ ಗಾಣಿಗರು ಅಂತ. ಇವರೇ ಬೆನೆ ಇಸ್ರೇಲ್ ಯೆಹೂದ್ಯರು. ಹೊರಗಿನ ಯೆಹೂದ್ಯರ ಒಡನಾಟ ತಲೆಮಾರುಗಳಿಂದ ಇರಲಿಲ್ಲ. ಅವರ ಧರ್ಮಗ್ರಂಥದ ಭಾಷೆಯಾದ ಹೀಬ್ರೂ ಬಹುಪಾಲು ಮರೆತುಹೋಗಿತ್ತು. ಮುಂಬಯಿಯಲ್ಲಿ ಅವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಎದ್ದದ್ದೇ 1796ರಲ್ಲಿ. ಅದಕ್ಕೂ ಮುಂಚೆಯೇ ಅವರು ಶನಿವಾರವನ್ನು ಕಾಪಾಡಿಕೊಂಡು ಬಂದಿದ್ದರು. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ಯೆಹೂದ್ಯರ ವಾರದ ವಿರಾಮದ ದಿನವಾದ ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಇರುತ್ತದೆ. ಆಗ ಮಾಡಬಾರದ 39 ಬಗೆಯ ಕೆಲಸಗಳನ್ನು ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥವಾದ ಮಿಶ್ನಾ ಪಟ್ಟಿ ಮಾಡಿದೆ. ಉಳುವುದು, ಬಿತ್ತುವುದು, ಹಿಟ್ಟು ನಾದುವುದು, ನೇಯುವುದು, ಬೆಂಕಿ ಹಚ್ಚುವುದು, ಆರಿಸುವುದು. ಎರಡು ಅಕ್ಷರ ಬರೆದರೂ ಅದು ಕೆಲಸವೇ. ಸುಸ್ತಾದವರು ಮಲಗಲಿ ಅಂತ ಮಾಡಿದ ನಿಯಮ ಇದಲ್ಲ. ಭಾರವಾದ ಮೇಜನ್ನು ಮನೆಯೊಳಗೇ ಆಚೀಚೆ ಸರಿಸಬಹುದು, ಒಂದು ಕಡ್ಡಿ ಗೀರುವಂತಿಲ್ಲ! ಲೋಕವನ್ನು ತನಗೆ ಬೇಕಾದ ಹಾಗೆ ಬದಲಿಸುವ ಕೈಯನ್ನು ಒಂದು ದಿನ ಹಿಂದಕ್ಕೆ ತೆಗೆದುಕೊಳ್ಳುವುದು ಇಲ್ಲಿ ಮುಖ್ಯ.

ಯೆಹೂದ್ಯರ ಮೂಲ ಧರ್ಮಗ್ರಂಥವಾದ ತೋರಾ ಇದಕ್ಕೆ ಎರಡು ಕಾರಣ ಕೊಡುತ್ತದೆ. ದೇವರು ಆರು ದಿನ ಸೃಷ್ಟಿ ಮಾಡಿ ಏಳನೆಯ ದಿನ ನಿಲ್ಲಿಸಿದ ಎಂಬುದು ಅದರ ವಿಮೋಚನಕಾಂಡ ಎಂಬ ಭಾಗದ ಮಾತು. ಧರ್ಮೋಪದೇಶಕಾಂಡ ಎಂಬ ಇನ್ನೊಂದು ಭಾಗ ಹೇಳುವುದು ಬೇರೆ: ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಅದನ್ನು ನೆನಪಿಟ್ಟುಕೋ. ಹಾಗಾಗಿ ರಜೆ ಯಜಮಾನನಿಗೆ ಮಾತ್ರವಲ್ಲ. ಮಗ, ಮಗಳು, ಆಳು, ಊರಲ್ಲಿರುವ ಪರದೇಶಿ, ಎತ್ತು, ಕತ್ತೆ, ಎಲ್ಲರಿಗೂ ಇದೆ. ಈ ಎರಡನೆಯ ಕಾರಣವೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ನಾವು ರಜೆ ಹಾಕಿ ಹೋಟೆಲಿಗೆ ಹೋದರೆ ಅಲ್ಲಿ ಇನ್ಯಾರೋ ದುಡಿಯುತ್ತಿರುತ್ತಾರೆ, ಅಲ್ವಾ? ಕೊಂಕಣದ ಆ ಗಾಣಿಗರು ನಿಂತಾಗ ಎತ್ತಿನ ಹೆಗಲಿನಿಂದಲೂ ನೊಗ ಇಳಿಯುತ್ತಿತ್ತು.

ಇಷ್ಟೆಲ್ಲ ಕಟ್ಟುಪಾಡು ಕೇಳಿ ಇದೊಂದು ಬಿಗುಮಾನದ ದಿನ ಎಂದುಕೊಳ್ಳಬೇಡಿ. ಸಬ್ಬತ್ ದಿನ ಊಟ ಜಾಸ್ತಿ, ಹಾಡು ಜಾಸ್ತಿ. ಶುಕ್ರವಾರ ಸೂರ್ಯ ಮುಳುಗುವ ಮುಂಚೆಯೇ ದೀಪ ಹಚ್ಚಿ, ದ್ರಾಕ್ಷಾರಸದ ಮೇಲೆ ಪ್ರಾರ್ಥಿಸಿ, ಹಲ್ಲಾ ಎಂಬ ಎರಡು ಸಬ್ಬತ್ ರೊಟ್ಟಿ ಇಟ್ಟು ಊಟಕ್ಕೆ ಕೂರುತ್ತಾರೆ. ಶುಕ್ರವಾರವೇ ಒಲೆಗೆ ಏರಿಸಿದ ಚೋಲೆಂಟ್ ಎಂಬ ಮಾಂಸ, ಕಾಳಿನ ಅಡುಗೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದು ಶನಿವಾರ ಮಧ್ಯಾಹ್ನಕ್ಕೆ ಬಿಸಿಯಾಗಿ ಸಿಗುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಬಂದರೆ ನಿಯಮ ಬದಿಗಿಟ್ಟು ಓಡಲೇಬೇಕು. ಎಲ್ಲರ ಆಚರಣೆಯೂ ಒಂದೇ ಅಲ್ಲ. ಕಾರು ಮುಟ್ಟದವರಿದ್ದಾರೆ, ಕಾರಿನಲ್ಲೇ ಸಿನಗಾಗಿಗೆ ಹೋಗುವವರೂ ಇದ್ದಾರೆ.

ನಮ್ಮ ಓದುಗರಲ್ಲಿ ಅನೇಕರಿಗೆ ಯೆಹೂದ್ಯ ನೆರೆಯವರಿದ್ದಾರೆ. ಶುಕ್ರವಾರದ ಊಟಕ್ಕೆ ಕರೆದರೆ ದಯವಿಟ್ಟು ಹೋಗಿ. ನಿಯಮ ಪಾಲಿಸುವ ಮನೆಯಾದರೆ ಕರೆಗಂಟೆ ಒತ್ತದೆ ಬಾಗಿಲು ತಟ್ಟಿ. ಫೋನು ಜೇಬಿನಲ್ಲೇ ಇರಲಿ, ಫೋಟೋ ಬೇಡ. ನಮ್ಮ ಮನೆಯ ಅಡುಗೆ ಒಯ್ಯುವ ಮುಂಚೆ ಅವರನ್ನು ಕೇಳಿ, ಕೋಷರ್, ಅಂದರೆ ಯೆಹೂದ್ಯ ಆಹಾರ ನಿಯಮ ಪಾಲಿಸುವ, ಅಡುಗೆಮನೆಯ ಲೆಕ್ಕವೇ ಬೇರೆ. ಒಳಗೆ ಕಾಲಿಡುತ್ತಲೇ ‘ಶಬ್ಬಾತ್ ಶಾಲೋಮ್’ ಎನ್ನಿ, ಸಬ್ಬತ್ತಿನ ಶಾಂತಿ ಇರಲಿ ಅಂತ.

– ಸಂಪಾದಕಿ